ಎರಡು ಸುತ್ತು ಹೋಗಿ ನಿಂತ ನಟ್ಟು

ಬೆರಳಲ್ಲಿ ಹಾಕಿದಾಗ ನಟ್ಟು ಹಿಡಿಯಲೇ ಇಲ್ಲ. ಸ್ಪ್ಯಾನರ್ ಕೊಟ್ಟು ಒತ್ತಿದ್ದಕ್ಕೆ ಎರಡು ಸುತ್ತು ಹೋಗಿ ನಿಂತಿತು. ಬಗ್ಗಿ ನೋಡಿದರೆ ನಟ್ಟು ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದೆ. ಎದೆ ಧಸಕ್ ಎಂದಿತು. ಅರ್ಧ ಗಂಟೆ ಮುಂಚೆ ಸುತ್ತಿಗೆಯಲ್ಲಿ ಒಂದು ತಪ್ಪು ಮಾಡಿದ್ದೆ, ಅದರ ಮೇಲೆ ಈಗ ಸ್ಪ್ಯಾನರಿನಲ್ಲಿ ಇನ್ನೊಂದು ಮಾಡಿಯಾಗಿತ್ತು. ಅದೂ ಎಲ್ಲಿ? ಅಪ್ಪನ ಹಳೇ ಪದ್ಮಿನಿ ಕಾರಿನ ಸ್ಟೇರಿಂಗ್ ಶಾಫ್ಟಿನ ತುದಿಯಲ್ಲಿ. ಇದಾಗಿ ಹತ್ತು ವರ್ಷದ ಮೇಲಾಯಿತು. ಈಗಲೂ ಯಾವುದೇ ಬೋಲ್ಟಿಗೆ ನಟ್ಟು ಹಾಕುವಾಗ ಮೊದಲ ಸುತ್ತಿನಲ್ಲಿ ನನ್ನ ಬೆರಳು ತಾನಾಗಿ ನಿಧಾನವಾಗುತ್ತದೆ, ಹಿಡಿಯಿತೋ ಇಲ್ಲವೋ ಎಂದು ಕಾಯುತ್ತದೆ.

ಕೆಲಸ ಶುರುವಾಗಿದ್ದು ಇಂಡಿಕೇಟರ್ ಸ್ವಿಚ್ಚಿನಿಂದ. ತಿರುವು ಮುಗಿದ ಮೇಲೂ ಇಂಡಿಕೇಟರಿನ ಕಡ್ಡಿ ವಾಪಸು ಬರುತ್ತಿರಲಿಲ್ಲ. ಸ್ಟೇರಿಂಗ್ ಚಕ್ರ ತೆಗೆದರೆ ಸ್ವಿಚ್ಚು ಕೈಗೆ ಸಿಗುತ್ತದೆ, ಭಾನುವಾರ ಒಂದು ಗಂಟೆಯ ಕೆಲಸ ಅಂದುಕೊಂಡೆ. ಬ್ಯಾಟರಿ ವೈರು ಬಿಚ್ಚಿ, ಹಾರ್ನ್ ಮುಚ್ಚಳ ಎಬ್ಬಿಸಿ, ನಡುವಿನ ದೊಡ್ಡ ನಟ್ಟು ಬಿಚ್ಚಿದೆ. ಚಕ್ರ ಬರಲಿಲ್ಲ. ಮೂವತ್ತು ಮಳೆಗಾಲ ಕಂಡ ಕಬ್ಬಿಣ, ತೀರ್ಥಹಳ್ಳಿಯ ಮಳೆಗಾಲ, ಸುಲಭಕ್ಕೆ ಬರುತ್ತದೆಯೇ? ಚಕ್ರವನ್ನು ಎಳೆದು ಕಳಚುವ ಪುಲ್ಲರ್ ಇರಲಿಲ್ಲ. ಅಪ್ಪನಿಗೆ ಎರಡೂ ಕೈಯಲ್ಲಿ ಚಕ್ರವನ್ನು ತನ್ನತ್ತ ಎಳೆದು ಹಿಡಿದುಕೊಳ್ಳಲು ಹೇಳಿ, ಶಾಫ್ಟಿನ ತಲೆಯ ಮೇಲೆ ಸುತ್ತಿಗೆಯಲ್ಲಿ ಹೊಡೆದೆ. ನಟ್ಟನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟಿದ್ದೆ. ಅದನ್ನು ಎರಡು ಮೂರು ಸುತ್ತಿನಷ್ಟು ಅಲ್ಲೇ ಬಿಟ್ಟಿದ್ದರೆ ಥ್ರೆಡ್ಡಿಗೆ, ಅಂದರೆ ನಟ್ಟು ಹಿಡಿಯುವ ಸುರುಳಿ ಹಲ್ಲಿಗೆ, ಕಾವಲಾಗಿರುತ್ತಿತ್ತು, ಚಕ್ರ ಫಕ್ಕನೆ ಕಳಚಿದರೂ ಮುಖಕ್ಕೆ ಬಡಿಯುತ್ತಿರಲಿಲ್ಲ. ನಡುವೆ ಒಂದು ಹಿತ್ತಾಳೆ ತುಂಡಾದರೂ ಇಟ್ಟು ಹೊಡೆಯಬೇಕಿತ್ತು. ಏಳೆಂಟು ಏಟಿಗೆ ಚಕ್ರವೇನೋ ಬಂತು. ಶಾಫ್ಟಿನ ತುದಿ ಮಾತ್ರ ಅಣಬೆಯ ತಲೆಯ ಹಾಗೆ ಅರಳಿಕೊಂಡಿತ್ತು.

ಅಪ್ಪ ಬೈಯಲಿಲ್ಲ. ಅವರು ಮೂವತ್ತೆರಡು ವರ್ಷ ಹೈಸ್ಕೂಲು ಮೇಷ್ಟರಾಗಿದ್ದವರು, ತಪ್ಪು ಮಾಡಿದವನಿಗೆ ಅದು ಗೊತ್ತಾಗಿದೆ ಎಂದು ಖಾತ್ರಿಯಾದರೆ ಮತ್ತೆ ಅದರ ಮಾತು ಎತ್ತುವುದಿಲ್ಲ. ಕನ್ನಡಕ ಏರಿಸಿ, ವಾಲಿದ ನಟ್ಟನ್ನು ಸ್ವಲ್ಪ ಹೊತ್ತು ನೋಡಿದರು. "ಈಗ ಇದನ್ನ ನಂಬಿ ಆಗುಂಬೆ ಘಾಟಿ ಇಳಿಯೋದು ಹೇಗೆ?" ಅಂದರು. ಕೇಳಿದ್ದು ಇಷ್ಟೇ. ಮಾರನೇ ವಾರ ಉಡುಪಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶ, ಕಾರಿನಲ್ಲೇ ಹೊರಡುವುದೆಂದು ಮಾತಾಗಿತ್ತು. ಆಗುಂಬೆಯ 14 ತಿರುವುಗಳಲ್ಲಿ ಕಾರು ಇಳಿಸಿದವರಿಗೆ ಆ ಪ್ರಶ್ನೆಯ ತೂಕ ಗೊತ್ತಿರುತ್ತದೆ. ಅಲ್ಲಿ ಪ್ರತಿ ತಿರುವಿಗೂ ಸ್ಟೇರಿಂಗ್ ಚಕ್ರವನ್ನು ಕೊನೆ ಮುಟ್ಟುವಷ್ಟು ತಿರುಗಿಸಬೇಕು, ಆಚೆ ಬದಿಯಲ್ಲಿ ಕಣಿವೆ.

ಅಜ್ಜಿಯ ಓಲೆಯ ತಿರುಪು

ಊರಿನ ಗ್ಯಾರೇಜಿನವರು ಬಂದು ನೋಡಿ, "ಚೂಡಿ ಹೋಗಿದೆ ಸಾರ್" ಅಂದರು. ನಮ್ಮ ಕಡೆ ದಖನಿ ಉರ್ದು ಮಾತಾಡುವ ಮೆಕ್ಯಾನಿಕ್ಕುಗಳ ಬಾಯಲ್ಲಿ ಥ್ರೆಡ್ಡಿಗೆ ಅದೇ ಹೆಸರು. ಚೂಡಿ ಅಂದರೆ ಬಳೆ. ಬೋಲ್ಟಿನ ಮೈಮೇಲೆ ಸಾಲಾಗಿ ತೊಡಿಸಿದ ಬಳೆಗಳು. ಮನೆಯಲ್ಲಿ ಇದೇ ಸಂಗತಿಗೆ ನಾವು ಹೇಳುವುದು ತಿರುಪು. ನನಗೆ ಆ ಮಾತಿನ ಜೊತೆಗೆ ಮೊದಲು ನೆನಪಾಗುವುದು ಅಜ್ಜಿಯ ಬೆಂಡೋಲೆ. ಓಲೆಯ ತಿರುಪು ಸವೆದಿದೆ ಎಂದು ಅಜ್ಜಿ ವರ್ಷಕ್ಕೊಮ್ಮೆಯಾದರೂ ಅಕ್ಕಸಾಲಿಗರ ಹತ್ತಿರ ಹೋಗುತ್ತಿದ್ದರು, ಜೊತೆಗೆ ನಾನು. ಅವರು ತಿರುಪನ್ನು ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ ನೋಡುತ್ತಿದ್ದರು. ಕೆಲವು ಸಲ ಹಲ್ಲು ತೀಡಿ ಕೊಡುತ್ತಿದ್ದರು. ಕೆಲವು ಸಲ "ಇದು ಬೇಡ ಅಮ್ಮ, ಬಿದ್ದು ಹೋದ್ರೆ ಓಲೇನೇ ಹೋಗುತ್ತೆ" ಎಂದು ಹೊಸ ತಿರುಪು ಹಾಕುತ್ತಿದ್ದರು. ಎರಡು ಸಂದರ್ಭಗಳಿಗೆ ಏನು ವ್ಯತ್ಯಾಸ ಎಂದು ನನಗೆ ಆಗ ಹೊಳೆದಿರಲಿಲ್ಲ. ಎರಡೂ ಸವೆದ ತಿರುಪೇ ತಾನೇ?

ಗ್ಯಾರೇಜಿನವರು ಎರಡು ದಾರಿ ಹೇಳಿದರು. ತುದಿಗೆ ವೆಲ್ಡಿಂಗ್ ತುಂಬಿಸಿ, ಲೋಹವನ್ನು ತಿರುಗಿಸಿ ಕೊರೆಯುವ ಲೇತ್ ಯಂತ್ರದಲ್ಲಿ ಹೊಸ ಥ್ರೆಡ್ ಹಾಕುವುದು ಒಂದು. ಗುಜರಿಯಲ್ಲಿ ಹಳೇ ಪದ್ಮಿನಿಯ ಸ್ಟೇರಿಂಗ್ ಪೆಟ್ಟಿಗೆಯನ್ನು ಶಾಫ್ಟಿನ ಸಮೇತ ಹುಡುಕುವುದು ಇನ್ನೊಂದು. ಗುಜರಿಯಲ್ಲಿ ಸಿಕ್ಕ ಶಾಫ್ಟು ಯಾವ ಕಾರಿನದ್ದೋ, ಆ ಕಾರು ಯಾವ ಮರಕ್ಕೆ ಹೊಡೆದದ್ದೋ. ಅದು ಬೇಡವೆನಿಸಿತು. ವೆಲ್ಡಿಂಗ್ ಸರಿ ಎಂದು ನನಗೆ ಅನಿಸಿತ್ತು. ತಡೆದವರು ಅಪ್ಪ. "ಮೊದಲು ಅವನಿಗೆ ತೋರಿಸೋಣ" ಅಂದರು. ಅವನು ಅಂದರೆ ಅಪ್ಪನ ಹೈಸ್ಕೂಲಿನ ಜೊತೆಗಾರರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಟರ್ನರ್, ಅಂದರೆ ಲೇತ್ ನಡೆಸುವವರು, ಆಗಿದ್ದು ನಿವೃತ್ತರಾದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯದೊಂದು ಲೇತು ಇಟ್ಟುಕೊಂಡಿದ್ದರು. ಚಿಕ್ಕಂದಿನಿಂದ ನಮಗೆ ಅವರು ಲೇತ್ ಮಾವ.

ಫೋನಿನಲ್ಲಿ ಅವರು ಮೊದಲು ಕೇಳಿದ್ದು ಥ್ರೆಡ್ಡಿನ ವಿಷಯವನ್ನೇ ಅಲ್ಲ. "ಎಷ್ಟು ಏಟು ಹೊಡೆದೆ?" ಅಂದರು. ಹೇಳಿದೆ. "ಹಾಗಾದ್ರೆ ಬರೀ ತುದಿ ನೋಡಿದ್ರೆ ಸಾಲದು ಮಾರಾಯ. ನೀನು ಮೇಲೆ ಹೊಡೆದದ್ದು ಕೆಳಗೆ ಪೆಟ್ಟಿಗೆಯೊಳಗಿನ ಬೇರಿಂಗಿಗೂ ಬಿದ್ದಿರುತ್ತೆ. ಇಡೀ ಬಿಚ್ಚಿ ತಗೊಂಡು ಬಾ" ಅಂದರು.

ಗೋಣಿಚೀಲದಲ್ಲಿ ಸ್ಟೇರಿಂಗ್

ಬಿಚ್ಚುವಾಗಲೇ ನನಗೆ ಆ ಕಾರಿನ ಸ್ಟೇರಿಂಗ್ ಏನೆಂದು ಮೊದಲ ಸಲ ಅರ್ಥವಾದದ್ದು. ಅಷ್ಟು ವರ್ಷ ಅದನ್ನು ತಿರುಗಿಸಿದ್ದೆ, ನೋಡಿರಲಿಲ್ಲ. ಕೈಯಲ್ಲಿ ಹಿಡಿಯುವ ಚಕ್ರದಿಂದ ಉದ್ದದ ಶಾಫ್ಟು, ಅದರ ಬುಡದಲ್ಲಿ ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ವರ್ಮ್ ಗೇರು, ಪೆಟ್ಟಿಗೆಯಿಂದ ಹೊರಬಂದ ಡ್ರಾಪ್ ಆರ್ಮ್, ಅದರಿಂದ ಅಡ್ಡಡ್ಡಕ್ಕೆ ರಾಡುಗಳು, ರಾಡಿನ ಕೊನೆಗಳಲ್ಲಿ ಬಾಲ್ ಜಾಯಿಂಟು, ಆಮೇಲೆ ಗಾಲಿ. ಕೈಯಿಂದ ಗಾಲಿಯವರೆಗೆ ಎಲ್ಲ ಸೇರಿಕೊಂಡು ಒಂದು ಸರಪಳಿ. ಪ್ರತಿ ಕೊಂಡಿಯಲ್ಲೂ ಒಂದು ನಟ್ಟು. ಬಾಲ್ ಜಾಯಿಂಟುಗಳಲ್ಲಿ ಆ ನಟ್ಟಿಗೆ ಕಿರೀಟದ ಹಾಗೆ ಸೀಳುಗಳು, ನಟ್ಟು ತಿರುಗದಂತೆ ಸೀಳಿನಲ್ಲಿ ತೂರಿಸಿದ ಸ್ಪ್ಲಿಟ್ ಪಿನ್ನು. ಒಂದೊಂದೇ ಬಿಚ್ಚುತ್ತಾ ಹೋದಾಗ ಬಲಗಡೆಯ ಟೈ ರಾಡ್ ಎಂಡಿನ, ಅಂದರೆ ಗಾಲಿಯ ಪಕ್ಕದ ಬಾಲ್ ಜಾಯಿಂಟಿನ, ನಟ್ಟು ತಿರುಗುವಾಗ ಕಿರ್ ಎಂದು ಸದ್ದು ಮಾಡಿತು. ಬಿಚ್ಚಿ ನೋಡಿದರೆ ಅಲ್ಲೂ ಒಂದು ಸುತ್ತು ಥ್ರೆಡ್ ಸೀದಾ ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಅಡ್ಡಕ್ಕೆ ಹತ್ತಿಸಿ ಬಿಗಿದಿದ್ದರು. ನಾನು ಮಾಡಿದ್ದಕ್ಕೆ ಹೋಲಿಸಿದರೆ ಅದು ಗೀರಿದ ಗಾಯದಷ್ಟೇ. ಹೋಗುತ್ತೇನಲ್ಲ, ಅದನ್ನೂ ಸರಿಮಾಡಿಸಿಕೊಂಡು ಬರೋಣ ಎಂದು ಜೊತೆಗೆ ಕಟ್ಟಿಕೊಂಡೆ.

ಶಾಫ್ಟು, ಪೆಟ್ಟಿಗೆ, ರಾಡಿನ ತುಂಡು ಎಲ್ಲ ಅಡಿಕೆಯ ಗೋಣಿಚೀಲದಲ್ಲಿ ಸುತ್ತಿ, ಶಿವಮೊಗ್ಗದ ಬಸ್ಸು ಹತ್ತಿದೆ. ಚೀಲದ ಬಾಯಿಂದ ಒಂದೂವರೆ ಅಡಿ ಶಾಫ್ಟು ಹೊರಗೆ ಚಾಚಿಕೊಂಡಿತ್ತು. ಕಂಡಕ್ಟರು ಲಗೇಜ್ ಟಿಕೆಟ್ ಹರಿಯುತ್ತಾ ಏನಿದು ಎಂದು ಕೇಳಿದರು. ಪದ್ಮಿನಿಯ ಸ್ಟೇರಿಂಗ್ ಅಂದೆ. ಅವರ ಮುಖ ಬೆಳಗಿತು. ಅವರ ಮಾವನ ಹತ್ತಿರ ಒಂದಿತ್ತಂತೆ, ಗೇರು ಸ್ಟೇರಿಂಗಿನ ಪಕ್ಕದಲ್ಲೇ ಹಾಕುವುದು, ಮುಂದೆ ಮೂರು ಜನ ಆರಾಮಾಗಿ ಕೂರಬಹುದಿತ್ತು ಎಂದು ಮಂಡಗದ್ದೆ ದಾಟುವವರೆಗೂ ಅದೇ ಮಾತು.

ಎರಡು ಹೋಳು

ಲೇತ್ ಮಾವ ಶಾಫ್ಟನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಲು ಮೊದಲು ವೈಸಿನ ದವಡೆಗೆ ತಾಮ್ರದ ತಗಡು ಮಡಿಸಿ ಹಾಕಿದರು. ಆಮೇಲೆ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬಂದರು. ಬಂದು ಬಟ್ಟೆ ತೆಗೆದು ಒಣಗುವಂತೆ ಒರೆಸಿ, "ಮೇಷ್ಟ್ರ ಮಗ ನೀನು, ಸೀಮೆಸುಣ್ಣ ತಂದಿಲ್ವಾ?" ಎಂದು ತಮ್ಮ ಡ್ರಾಯರಿನಿಂದಲೇ ಒಂದು ತುಂಡು ತೆಗೆದು ಪುಡಿ ಮಾಡಿ ಥ್ರೆಡ್ಡಿನ ಮೇಲೆ ಉದುರಿಸಿದರು. ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಸೀಮೆಎಣ್ಣೆ ಅದರೊಳಗೆ ಇಳಿದಿರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದು ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡುತ್ತದೆ. ಇಬ್ಬರೂ ಬಗ್ಗಿ ಕಾದೆವು. ಗೆರೆ ಮೂಡಲಿಲ್ಲ. ಅಷ್ಟಾದ ಮೇಲೆಯೇ ಅವರು ಅರ ಕೈಗೆತ್ತಿಕೊಂಡದ್ದು.

ಅವರು ಆ ಕೆಲಸದಲ್ಲಿ ಲೇತನ್ನು ಮುಟ್ಟಲಿಲ್ಲ, ಕೈಯಲ್ಲಿ ತಿರುಗಿಸಿ ಥ್ರೆಡ್ ಕೊರೆಯುವ ಡೈ ಕೂಡ ಮುಟ್ಟಲಿಲ್ಲ. ಡೈ ಕೊಟ್ಟು ತಿರುಗಿಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಹಾಳಾಗಿರುವ ತುದಿಯಿಂದ ಡೈ ಹತ್ತಿಸಿದರೆ ಅದಕ್ಕೆ ದಾರಿ ತೋರಿಸುವವರು ಯಾರು ಎಂದು ಅವರು ಕೇಳಿದರು. ತಪ್ಪು ದಾರಿಯನ್ನೇ ಹಿಡಿದುಕೊಂಡು ಒಳಗಿನ ಚೆನ್ನಾಗಿರುವ ಸುತ್ತುಗಳನ್ನೂ ಕೊಚ್ಚುತ್ತಾ ಹೋಗುತ್ತದೆ. ಮೊದಲು ಚಪ್ಪಟೆ ಅರದಲ್ಲಿ ಅಣಬೆಯ ತಲೆಯನ್ನು ಸುತ್ತಲೂ ತೀಡಿ, ಅಂಚನ್ನು ಒಳಕ್ಕೆ ಇಳಿಜಾರು ಮಾಡಿದರು. ಆಮೇಲೆ ಮೂರು ಮೂಲೆಯ ಸಣ್ಣ ಅರದಲ್ಲಿ ನನ್ನ ಸ್ಪ್ಯಾನರು ಉತ್ತಿದ್ದ ಅಡ್ಡ ಗೀರಿನ ಎದ್ದ ಅಂಚುಗಳನ್ನು ಒಂದೊಂದಾಗಿ ತೆಗೆದರು. ಆ ಅರದ ಮೂಲೆ 60 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನ ಕಣಿವೆಯೂ 60 ಡಿಗ್ರಿ. ಅಳತೆ ಮಾಡಿದ ಹಾಗೆ ಕೂರುತ್ತದೆ. ವಿಟ್‌ವರ್ತ್ ಸಾಹೇಬ 1841ರಲ್ಲಿ ಇಂಗ್ಲೆಂಡಿನಲ್ಲಿ ನಿಗದಿ ಮಾಡಿದ ಹಳೇ ಥ್ರೆಡ್ಡು 55 ಡಿಗ್ರಿಯದು, ಅದಕ್ಕೆ ಈ ಅರ ಹಾಕಿದರೆ ಕಣಿವೆ ಅಗಲವಾಗಿ ಕೆಡುತ್ತದೆ. ಇದನ್ನೆಲ್ಲ ಅವರು ಹೇಳಿದ್ದು ಕೈ ನಿಲ್ಲಿಸದೆ. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತು, ಹಿಂದಕ್ಕೆ ಬರುವಾಗ ಎತ್ತಿ.

ಆಮೇಲೆ ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ನನ್ನ ಹಳೇ ನಟ್ಟನ್ನು ಕೇಳಿ ತೆಗೆದುಕೊಂಡು, ಹ್ಯಾಕ್ಸಾದಲ್ಲಿ ನಟ್ಟನಡುವೆ ಕೊಯ್ದು ಎರಡು ಹೋಳು ಮಾಡಿದರು. ನಾನು ವಾಲಿಸಿ ಹತ್ತಿಸಿದ ಕಡೆ ಅದರ ಎರಡು ಸುತ್ತು ಹೋಗಿತ್ತು, ಉಳಿದ ಸುತ್ತುಗಳು ಸರಿಯಿದ್ದವು. ಆ ಎರಡು ಹೋಳುಗಳನ್ನು ಶಾಫ್ಟಿನ ಬುಡದಲ್ಲಿ, ಏಟು ತಾಗದ ಒಳ್ಳೆಯ ಥ್ರೆಡ್ಡಿನ ಮೇಲೆ ಎದುರುಬದುರು ಕೂರಿಸಿ, ಗ್ರಿಪ್ ಪ್ಲೈಯರಿನಲ್ಲಿ ಅಮುಕಿ ಹಿಡಿದು, ಎಣ್ಣೆ ಬಿಟ್ಟು, ಒಳಗಿನಿಂದ ಹೊರಗೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸುತ್ತಾ ಬಂದರು. ಒಳ್ಳೆಯ ಸುತ್ತಿನ ಮೇಲೆ ಹೊರಟದ್ದರಿಂದ ಹೋಳುಗಳು ಸರಿದಾರಿಯಲ್ಲೇ ಇದ್ದವು. ಕೆಟ್ಟ ಸುತ್ತು ಬಂದಾಗ ಬಿಗಿಯಾಯಿತು. ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಕಾಲು ಸುತ್ತು. ಎರಡನೇ ಸಲ ಬರುವಾಗ ಸಲೀಸು. ನಾಲ್ಕನೇ ಸಲಕ್ಕೆ ಬೆರಳಲ್ಲೇ ತಿರುಗಿತು. ಪಿಚ್ಚು, ಅಂದರೆ ಸುತ್ತಿಗೂ ಸುತ್ತಿಗೂ ನಡುವಿನ ಅಂತರ, ಅಳೆಯುವ ಪಿಚ್ ಗೇಜಿನ ಎಲೆಗಳನ್ನು ಬಿಡಿಸಿ, ಸರಿಯಾದ ಎಲೆಯನ್ನು ಥ್ರೆಡ್ಡಿನ ಮೇಲೆ ಕೂರಿಸಿ, ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಎಲೆಗೂ ಥ್ರೆಡ್ಡಿಗೂ ನಡುವೆ ಎಲ್ಲೂ ಬೆಳಕು ತೂರಲಿಲ್ಲ. ಶಾಫ್ಟನ್ನು ಯಾರಾದರೂ ಹಿಂದೆ ಮಿತಿಮೀರಿ ಬಿಗಿದು ಎಳೆದಿದ್ದರೆ ಸುತ್ತಿಗೂ ಸುತ್ತಿಗೂ ಅಂತರ ಹಿಗ್ಗಿರುತ್ತದೆ, ಆಗ ಗೇಜಿನ ಒಂದು ಕೊನೆ ಕೂತರೆ ಇನ್ನೊಂದು ಏಳುತ್ತದೆ. ಹಾಗಿದ್ದಿದ್ದರೆ ಅದು ತೀಡಿ ಸರಿಮಾಡುವಂಥದ್ದಲ್ಲ, ವಾಪಸು ಕಳಿಸುತ್ತಿದ್ದೆ ಅಂದರು.

ವೆಲ್ಡಿಂಗಿನ ಮಾತು ಎತ್ತಿದಾಗ ಅವರಿಗೆ ನಿಜವಾಗಿ ಸಿಟ್ಟು ಬಂತು. ವೃತ್ತಿಯುದ್ದಕ್ಕೂ ಉಕ್ಕು ಕಾಯುವುದನ್ನೂ ಆರುವುದನ್ನೂ ನೋಡಿದವರು. ಇಂಥ ಶಾಫ್ಟಿನ ಉಕ್ಕಿಗೆ ವೆಲ್ಡಿಂಗ್ ಬಿಸಿ ಬಿದ್ದು ಬೇಗನೆ ತಣ್ಣಗಾದರೆ ಆ ಬಿಸಿ ತಾಗಿದ ಪಟ್ಟಿ ಗಾಜಿನಂತೆ ಗಡುಸಾಗುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೇಲೆ ಹೊಸ ಥ್ರೆಡ್ಡು ಫಳಫಳ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಏನಾಗಿದೆ ಎಂದು ಯಾರಿಗೂ ಕಾಣುವುದಿಲ್ಲ. "ಗೇಟಿನ ಕೀಲಿಗೆ ಮಾಡು, ಬೇಡ ಅನ್ನಲ್ಲ" ಅಂದರು.

ಇನ್ನೊಂದು ತುಂಡು

ಶಾಫ್ಟು ಸರಿಯಾದ ಖುಷಿಯಲ್ಲಿ ನಾನು ಟೈ ರಾಡ್ ಎಂಡನ್ನು ಮುಂದಿಟ್ಟೆ. ಒಂದೇ ಸುತ್ತು ಕೆಟ್ಟಿರುವುದು, ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಅವರು ಅದರ ಬಾಲ್ ಪಿನ್ನನ್ನು, ನಟ್ಟು ಕೂರುವ ಕಡ್ಡಿಯನ್ನು, ಬೆರಳಲ್ಲಿ ಅಲ್ಲಾಡಿಸಿ ನೋಡಿ, ಥ್ರೆಡ್ಡಿನ ಬುಡದಲ್ಲಿ ಉಗುರು ಆಡಿಸಿ, ಏನೂ ಹೇಳದೆ ವೈಸಿಗೆ ಕಚ್ಚಿಸಿದರು. ಅರ ತೆಗೆಯುತ್ತಾರೆ ಎಂದು ನೋಡುತ್ತಿದ್ದೆ. ಹ್ಯಾಕ್ಸಾ ತೆಗೆದು ಪಿನ್ನನ್ನು ಕತ್ತರಿಸಿಬಿಟ್ಟರು. ಪಿನ್ನು ಶೆಡ್ಡಿನ ಸಿಮೆಂಟು ನೆಲದ ಮೇಲೆ ಟಣ್ ಎಂದು ಬಿತ್ತು.

"ಮಾವ! ಅದು ಶಾಫ್ಟಿಗಿಂತ ಎಷ್ಟೋ ಚೆನ್ನಾಗಿತ್ತಲ್ಲ?"

"ಚೆನ್ನಾಗಿ ಕಾಣ್ತಿತ್ತು. ಅದಕ್ಕೇ ಕತ್ತರಿಸಿದ್ದು. ಇಲ್ಲಾಂದ್ರೆ ನೀನು ದುಡ್ಡು ಉಳಿಸ್ತೀನಿ ಅಂತ ಮತ್ತೆ ಹಾಕಿಬಿಡ್ತಿದ್ದೆ."

ಆಮೇಲೆ ಸ್ಟೂಲು ಎಳೆದು ಕೂತು ವಿವರಿಸಿದರು. ಸ್ಟೇರಿಂಗ್ ಚಕ್ರವನ್ನು ತಿರುಗಿಸುವ ಬಲ ಥ್ರೆಡ್ಡಿನ ಮೇಲೆ ಬೀಳುವುದಿಲ್ಲ, ಅದು ಹಾದುಹೋಗುವುದು ಕೆಳಗಿನ ಸ್ಪ್ಲೈನಿನ, ಅಂದರೆ ಶಾಫ್ಟಿನ ಉದ್ದಕ್ಕೆ ಕೊರೆದ, ಹಲ್ಲುಗಳ ಮೂಲಕ. ನಟ್ಟು ಚಕ್ರವನ್ನು ಆ ಹಲ್ಲುಗಳ ಮೇಲೆ ಒತ್ತಿ ಹಿಡಿದಿರುತ್ತದೆ ಅಷ್ಟೇ. ಅದರಲ್ಲೂ ನಟ್ಟಿನ ಎಲ್ಲ ಸುತ್ತುಗಳೂ ಸಮನಾಗಿ ಹೊರೆ ಹೊರುವುದಿಲ್ಲ. ವಾಶರಿಗೆ ಹತ್ತಿರ ಇರುವ ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಪಾಲು ಹೊರುತ್ತದೆ, ತುದಿಯತ್ತ ಹೋದಂತೆ ಹೊರೆ ಕಡಿಮೆ. ನಾನು ಜಜ್ಜಿದ್ದು ತುದಿಯನ್ನು, ಹೊರೆಯೇ ಇಲ್ಲದ ಜಾಗವನ್ನು. ನಟ್ಟು ಸಡಿಲವಾದರೂ ಮೊದಲು ಚಕ್ರ ಕೈಯಲ್ಲಿ ಮೇಲೆ ಕೆಳಗೆ ಆಡತೊಡಗುತ್ತದೆ, ಓಡಿಸುವವನಿಗೆ ತಿಳಿಯುತ್ತದೆ. ಬಾಲ್ ಪಿನ್ನು ಹಾಗಲ್ಲ. ರಸ್ತೆಯ ಪ್ರತಿ ಗುಂಡಿಯಲ್ಲೂ ಅದು ಒಮ್ಮೆ ಅತ್ತ ಒಮ್ಮೆ ಇತ್ತ ಬಾಗುವ ಬಲ ತಿನ್ನುತ್ತದೆ. ಕಾರ್ಖಾನೆಯಲ್ಲಿ ಅದರ ಥ್ರೆಡ್ಡನ್ನು ಕೊರೆಯದೆ ಉರುಳೆಗಳ ನಡುವೆ ಒತ್ತಿ ಮೂಡಿಸಿರುತ್ತಾರೆ. ಉಕ್ಕಿನ ಎಳೆಗಳು ಮುರಿಯದೆ ಥ್ರೆಡ್ಡಿನ ಏರಿಳಿತದ ಜೊತೆಗೇ ಬಾಗಿಕೊಂಡು ಹೋಗಿರುತ್ತವೆ, ಅದರಿಂದಲೇ ಅದಕ್ಕೆ ಬಾಳಿಕೆ. ಅಡ್ಡ ಹತ್ತಿದ ನಟ್ಟು ಆ ಎಳೆಗಳನ್ನು ಕೊಯ್ದಿರುತ್ತದೆ. ಅರ ಹಾಕಿದರೆ ಇನ್ನಷ್ಟು ಕೊಯ್ದ ಹಾಗೆ. ಆ ಗೀರಿನ ಬುಡದಲ್ಲಿ ಬಿರುಕು ಹುಟ್ಟಿ, ಒಂದು ದಿನ ಯಾವ ಸೂಚನೆಯೂ ಇಲ್ಲದೆ ಪಿನ್ನು ತುಂಡಾಗುತ್ತದೆ. ಆಮೇಲೆ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ, ಗಾಲಿ ತನ್ನ ಪಾಡಿಗೆ ತಾನು ತಿರುಗಿಕೊಳ್ಳುತ್ತದೆ.

ಅವರ ಮಾತು ಮುಗಿಯುವ ಹೊತ್ತಿಗೆ ನನಗೆ ಅಕ್ಕಸಾಲಿಗರ ಅಂಗಡಿ ಕಣ್ಣಮುಂದೆ ಬಂತು. ತಿರುಪು ಎಷ್ಟು ಸವೆದಿದೆ ಎಂಬುದರ ಜೊತೆಗೆ, ಅದು ಬಿದ್ದರೆ ಏನು ಹೋಗುತ್ತದೆ ಎಂದು ಅವರು ನೋಡುತ್ತಿದ್ದರು. ನಾನು ಇಷ್ಟು ವರ್ಷ ಗಾಯ ಎಷ್ಟು ದೊಡ್ಡದು ಎಂದಷ್ಟೇ ನೋಡುವವನಾಗಿದ್ದೆ. ದೊಡ್ಡ ಗಾಯ ಕಂಡಲ್ಲಿ ಗಾಬರಿ, ಸಣ್ಣದಿದ್ದಲ್ಲಿ ಉದಾಸೀನ. ಹಳೇ ಗಾಡಿ ಇಟ್ಟುಕೊಂಡವರು ಬಹಳಷ್ಟು ಜನ ಹೀಗೇ ಲೆಕ್ಕ ಹಾಕುತ್ತೇವೆ ಎಂದು ಆಮೇಲಿನ ವರ್ಷಗಳಲ್ಲಿ ಕಂಡುಕೊಂಡಿದ್ದೇನೆ. ಬಾನೆಟ್ಟಿನ ಮೇಲಿನ ಗೀರಿಗೆ ತಿಂಗಳುಗಟ್ಟಲೆ ಪೇಂಟರನ್ನು ಹುಡುಕುತ್ತೇವೆ, ಕೆಳಗೆ ಟೈ ರಾಡಿಗೆ ಸ್ಪ್ಲಿಟ್ ಪಿನ್ನಿನ ಬದಲು ಬಗ್ಗಿಸಿದ ಮೊಳೆ ಇದೆ ಎಂದು ಬಗ್ಗಿ ನೋಡಿರುವುದಿಲ್ಲ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ಅಪರೂಪದ ಕಾರುಗಳ ಮೇಳಗಳಲ್ಲಿ ಎಲ್ಲರೂ ಹೊಳಪು ನೋಡುವಾಗ ನಾನು ಮಂಡಿಯೂರಿ ಮುಂದಿನ ಗಾಲಿಯ ಹಿಂದೆ ಇಣುಕುತ್ತೇನೆ. ಮೊಳೆಗಳು ಕಂಡಿವೆ, ಸುತ್ತಿದ ತಂತಿ ಕಂಡಿದೆ. ಕಂಡಾಗ ಮಾಲೀಕರಿಗೆ ಹೇಳಿಯೇ ಬರುತ್ತೇನೆ, ಅವರಿಗೆ ಬೇಜಾರಾದರೂ.

127 ಹಲ್ಲು

ನಟ್ಟು ಎರಡು ಹೋಳಾಗಿತ್ತು, ಹೊಸದು ಬೇಕು. ನನ್ನ ಅವಸರ ಕಂಡು ಲೇತ್ ಮಾವ ಡ್ರಾಯರಿನಿಂದ ಒಂದು ಬೋಲ್ಟು, ಒಂದು ನಟ್ಟು ತೆಗೆದು ಕೈಗಿಟ್ಟು ಹಾಕು ಅಂದರು. ಹಾಕಿದೆ. ಸಲೀಸಾಗಿ ಹೋಯಿತು, ಸ್ವಲ್ಪ ಹೆಚ್ಚೇ ಸಲೀಸು. ವೈಸಿಗೆ ಕಚ್ಚಿಸಿ ಸ್ಪ್ಯಾನರು ಕೊಟ್ಟು ಬಿಗಿ ಮಾಡಿಸಿದರು. ಬಿಗಿಯಾಯಿತು ಅನ್ನುವಷ್ಟರಲ್ಲಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಸಡಿಲವಾಗಿ, ನಟ್ಟು ಬರಿದೇ ಸುತ್ತತೊಡಗಿತು. ಬೋಲ್ಟು 12 ಮಿಲಿಮೀಟರು, 1.25 ಪಿಚ್ಚಿನದು. ನಟ್ಟು ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್ಡಿನದು, ಅಂದರೆ ಪಿಚ್ಚು 1.27. ಪಿಚ್ಚಿನ ವ್ಯತ್ಯಾಸ ಬೆರಳಿಗೆ ತಿಳಿಯದಷ್ಟು ಕಡಿಮೆ. ಆದರೆ ಅರ್ಧ ಇಂಚು ಅಂದರೆ 12.7 ಮಿಲಿಮೀಟರು. ಹೀಗಾಗಿ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವುದು ಇರಬೇಕಾದ್ದರ ಅರ್ಧದಷ್ಟೇ. ಕಣ್ಣಿಗೆ ಸರಿ, ಕೈಗೂ ಸರಿ, ಹೊರೆ ಬಿದ್ದಾಗ ಇಲ್ಲ.

ನಮ್ಮ ದೇಶದ ಗ್ಯಾರೇಜುಗಳಲ್ಲಿ ಈ ಅಪಾಯ ಬೇರೆ ಕಡೆಗಿಂತ ಹೆಚ್ಚೇ ಇತ್ತು. ಒಂದೇ ಬೀದಿಯಲ್ಲಿ ಅಂಬಾಸಿಡರ್, ಪದ್ಮಿನಿ ಅಕ್ಕಪಕ್ಕ ನಿಲ್ಲುತ್ತಿದ್ದವು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅದರದ್ದು ಇಂಚಿನ ಲೆಕ್ಕ. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100, ಅದರದ್ದು ಮಿಲಿಮೀಟರು. ಎರಡರ ನಟ್ಟುಗಳೂ ಒಂದೇ ಹಳೇ ಪೇಂಟು ಡಬ್ಬಿಗೆ ಬೀಳುತ್ತಿದ್ದವು, ಡಬ್ಬಿಯಿಂದ ಯಾವುದು ಕೈಗೆ ಬಂತೋ ಅದು ಯಾವುದೋ ಕಾರಿಗೆ ಹೋಗುತ್ತಿತ್ತು. ಲೇತ್ ಮಾವನ ಲೇತು ಕೂಡ ಇಂಚಿನ ಕಾಲದ್ದು. ಅದರಲ್ಲಿ ಮೆಟ್ರಿಕ್ ಥ್ರೆಡ್ ಹೇಗೆ ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಗೋಡೆಯ ಮೊಳೆಗೆ ನೇತುಹಾಕಿದ್ದ ದೊಡ್ಡ ಹಲ್ಲುಗಾಲಿಯನ್ನು ಇಳಿಸಿದರು. ಅದಕ್ಕೆ 127 ಹಲ್ಲು. ಇಂಚು ಅಂದರೆ 25.4 ಮಿಲಿಮೀಟರು, ದಶಮಾಂಶ ಹೋಗಲಿ ಎಂದು ಹತ್ತರಿಂದ ಗುಣಿಸಿದರೆ 254, ಅರ್ಧ ಮಾಡಿದರೆ 127. ಅದನ್ನು ಇನ್ನು ಒಡೆಯಲಾಗುವುದಿಲ್ಲ, ಅದು ಅವಿಭಾಜ್ಯ ಸಂಖ್ಯೆ. ಹಾಗಾಗಿ ಇಂಚಿನ ಲೇತಿನಲ್ಲಿ ಕರಾರುವಾಕ್ಕಾದ ಮಿಲಿಮೀಟರು ಬೇಕಿದ್ದರೆ 127 ಹಲ್ಲಿನ ಗಾಲಿಯನ್ನೇ ಹಾಕಬೇಕು. ಅಪ್ಪನಿಗೆ ಇದನ್ನು ಹೇಳಿದಾಗ, ಇಡೀ ವೃತ್ತಿಯಲ್ಲಿ ಅವಿಭಾಜ್ಯ ಸಂಖ್ಯೆ ಹೇಳಿಕೊಡುವಾಗ ಈ ಉದಾಹರಣೆ ಗೊತ್ತಿರಲಿಲ್ಲವಲ್ಲ ಎಂದು ಬಹಳ ಹೊತ್ತು ಪೇಚಾಡಿದರು.

ಇಎನ್ 8 ಎಂಬ ದರ್ಜೆಯ ಉಕ್ಕಿನ ಷಟ್ಕೋನದ ಸರಳಿನಿಂದ ಅವರು ನಟ್ಟು ಮಾಡಿದರು. ಪ್ರತಿ ಸಲ ಕೂದಲೆಳೆಯಷ್ಟು ಕೊರೆದು, ಉಪಕರಣ ಹಿಂದೆ ಸರಿಸಿ, ಲೇತನ್ನು ಉಲ್ಟಾ ಓಡಿಸಿ, ಮತ್ತೆ ಮೊದಲಿಂದ. ಲೇತು ಇಂಚಿನದು, ಥ್ರೆಡ್ಡು ಮೆಟ್ರಿಕ್ಕು, ಹಾಗಿರುವಾಗ ನಡುವೆ ಹಾಫ್ ನಟ್, ಅಂದರೆ ಉಪಕರಣವನ್ನು ಲೇತಿನ ಉದ್ದದ ತಿರುಪಿಗೆ ಕಚ್ಚಿಸುವ ಹಿಡಿ, ಬಿಡಿಸುವ ಹಾಗಿಲ್ಲ. ಬಿಡಿಸಿದರೆ ಉಪಕರಣ ಮತ್ತೆ ಅದೇ ಕಣಿವೆಗೆ ಬರುವ ಖಾತ್ರಿಯಿಲ್ಲ. ಸಂಜೆಯಾಯಿತು. ನಟ್ಟನ್ನು ನನ್ನ ಕೈಗೆ ಕೊಟ್ಟು ನೀನೇ ಹಾಕು ಅಂದರು. ಶಾಫ್ಟಿನ ತುದಿಗಿಟ್ಟು ಮೊದಲು ಎಡಕ್ಕೆ, ಬಿಚ್ಚುವ ಕಡೆಗೆ ತಿರುಗಿಸಿದೆ, ಟಿಕ್ ಎಂದು ಹಲ್ಲಿನ ಬಾಯಿ ಸಿಗುವವರೆಗೆ. ಇದನ್ನೂ ಅವರೇ ಹೇಳಿಕೊಟ್ಟದ್ದು. ಆಮೇಲೆ ಬಲಕ್ಕೆ. ಎರಡೇ ಬೆರಳಲ್ಲಿ ಬುಡದವರೆಗೂ ಹೋಯಿತು.

ಪೆಟ್ಟಿಗೆಯ ಬೇರಿಂಗು ಮಾತ್ರ ಉಳಿಯಲಿಲ್ಲ. ಶಾಫ್ಟನ್ನು ನಿಧಾನ ತಿರುಗಿಸಿದರೆ ಒಂದೇ ಜಾಗದಲ್ಲಿ ಸಣ್ಣಗೆ ತಡವರಿಸುತ್ತಿತ್ತು, ಮೇಲೆ ಹೊಡೆದ ಏಟು ಕೆಳಗೆ ಬರೆದಿಟ್ಟ ಗುರುತು. ಬೇರಿಂಗು, ಎರಡೂ ಕಡೆಯ ಟೈ ರಾಡ್ ಎಂಡುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು, ಮೂರು ಅಂಗಡಿ ಹತ್ತಿ ಇಳಿದ ಮೇಲೆ. ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋಗಿಬಂದೆವು.

ಬಿಳಿ ಗೆರೆ

ಎಲ್ಲವನ್ನೂ ಜೋಡಿಸುವ ದಿನ ಲೇತ್ ಮಾವ ತೀರ್ಥಹಳ್ಳಿಗೆ ತಾವೇ ಬಂದರು. ಕಿರೀಟದ ನಟ್ಟನ್ನು ಬಿಗಿದ ಮೇಲೆ ಸೀಳಿಗೂ ಪಿನ್ನಿನ ತೂತಿಗೂ ತಾಳೆಯಾಗದಿದ್ದರೆ ಮುಂದಿನ ಸೀಳಿನವರೆಗೆ ಇನ್ನೂ ಬಿಗಿಯಬೇಕು, ಒಂದಿಷ್ಟೂ ಹಿಂದಕ್ಕೆ ಸಡಿಲಿಸಬಾರದು. ಅವರು ನನ್ನಿಂದ ಇದನ್ನು ಎರಡು ಸಲ ಹೇಳಿಸಿದರು. ಹಳೇ ಸ್ಪ್ಲಿಟ್ ಪಿನ್ನುಗಳನ್ನು ಎಣಿಸಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ನಾನು ಮತ್ತೆ ಬಳಸದಿರಲಿ ಎಂದು. ಕೊನೆಗೆ ಸ್ಟೇರಿಂಗಿನ ನಟ್ಟು ಬಿಗಿದಾದ ಮೇಲೆ, ಸಣ್ಣ ಕುಂಚದಲ್ಲಿ ಬಿಳಿ ಪೇಂಟು ಅದ್ದಿ, ಶಾಫ್ಟಿನ ತುದಿಯಿಂದ ನಟ್ಟಿನ ಮೇಲೆ ಹಾದು ಚಕ್ರದ ನಡುಭಾಗದವರೆಗೆ ಒಂದೇ ಗೆರೆ ಎಳೆದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಅಪ್ಪ ಹಿಂದೆ ನಿಂತು ನೋಡುತ್ತಿದ್ದವರು, "ಇದು ನಂಗೆ ಅರ್ಥ ಆಗುತ್ತೆ" ಅಂದರು.

ತಿಂಗಳಾದ ಮೇಲೆ ಆಗುಂಬೆ ಇಳಿದೆವು. ಅಪ್ಪನೇ ಓಡಿಸಿದರು. ಘಾಟಿಯ ತಲೆಯಲ್ಲಿ ಕಾರು ನಿಲ್ಲಿಸಿ, ಹಾರ್ನಿನ ಮುಚ್ಚಳ ಎಬ್ಬಿಸಿ, ಗೆರೆ ನೋಡಿ, ಮುಚ್ಚಳ ಹಾಕಿ ಹೊರಟರು. ಘಾಟಿಯ ಬುಡದ ಸೋಮೇಶ್ವರದಲ್ಲಿ ಮತ್ತೆ ನಿಲ್ಲಿಸಿ ನೋಡಿದರು. ಈಗ ಅವರು ಓಡಿಸುವುದಿಲ್ಲ, ಕಣ್ಣು ಮಂಜು. ಲೇತ್ ಮಾವ ತೀರಿಕೊಂಡು ಮೂರು ವರ್ಷವಾಯಿತು, 127 ಹಲ್ಲಿನ ಗಾಲಿಯನ್ನು ಅವರ ಮಗ ನನಗೆ ಕೊಟ್ಟಿದ್ದಾನೆ, ನನ್ನ ಹತ್ತಿರ ಲೇತಿಲ್ಲದಿದ್ದರೂ. ಕಳೆದ ಭಾನುವಾರ ಕಾರು ಹೊರತೆಗೆಯುವ ಮುಂಚೆ ಅಪ್ಪ ಜಗುಲಿಯಿಂದ ಎಂದಿನಂತೆ ಕೂಗಿದರು, "ಗೆರೆ ನೋಡಿದ್ಯಾ?" ಮುಚ್ಚಳ ಎಬ್ಬಿಸಿದೆ. ಬಿಳಿ ಸ್ವಲ್ಪ ಹಳದಿಯಾಗಿದೆ, ಒಂದು ಕಡೆ ಚಕ್ಕೆ ಎದ್ದಿದೆ. ಗೆರೆ ನೇರವಾಗಿಯೇ ಇದೆ. "ಸರಿ ಇದೆ ಅಪ್ಪಾ" ಎಂದು ಕೂಗಿ ಹೇಳಿ, ಮುಚ್ಚಳ ಒತ್ತಿ ಕೂರಿಸಿದೆ.